ಪಂಕಜಾ ಇಲ್ಲದ ನರಿಬೇಟೆ

ಹವ್ಯಾಸಕ್ಕೆಂದು ಮನೆಯ ರೇಡಿಯೊದಿಂದಲೇ ಒಬ್ಬರಿಗೊಬ್ಬರು ಮಾತಾಡುವ ಪೀಣ್ಯದ ಹ್ಯಾಮ್ ರೇಡಿಯೊ ಕ್ಲಬ್ಬಿನವರು ವರ್ಷಕ್ಕೊಮ್ಮೆ ನರಿಬೇಟೆ ಆಡುತ್ತಾರೆ. ನರಿ ಎಂದರೆ ಸೋಪಿನ ಡಬ್ಬಿಯಷ್ಟು ದೊಡ್ಡ ಟ್ರಾನ್ಸ್‌ಮಿಟರ್. ಒಬ್ಬರು ಅದನ್ನು ಎಲ್ಲಾದರೂ ಬಚ್ಚಿಡಬೇಕು, ಅದು ಕೀ ಕೀ ಎಂದು ಸಿಗ್ನಲ್ ಬಿಡುತ್ತಿರುತ್ತದೆ. ಉಳಿದವರು ಕೈಯಲ್ಲಿ ಆಂಟೆನಾ ಹಿಡಿದು, ಸಿಗ್ನಲ್ ಎತ್ತ ಜೋರಾಗಿದೆಯೋ ಅತ್ತ ಹೋಗಿ ಮಧ್ಯಾಹ್ನದೊಳಗೆ ಹಿಡಿಯಬೇಕು. ಮೊಮ್ಮಕ್ಕಳನ್ನು ಕಂಡ ಗಂಡಸರು ಹೀಗೆ ಗಲ್ಲಿ ಗಲ್ಲಿ ಅಲೆಯುವುದನ್ನು ನೋಡಿ ಬಾಗಲಗುಂಟೆಯ ಜನ ಕೇಬಲ್‌ನವರಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಬಚ್ಚಿಡುವ ಕೆಲಸ ಯಾವಾಗಲೂ ಪಂಕಜಾ ಅವರದು. ಕ್ಲಬ್ಬಿನ ಹಳೆಯ ಸದಸ್ಯ ಜಯಸಿಂಹರ ಜೊತೆಗೇ ಸರ್ಕಾರಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಒಮ್ಮೆ ನರಿಯನ್ನು ಪಾನಿಪೂರಿ ಗಾಡಿಯ ಕೆಳಗೆ ಕಟ್ಟಿ, ಗಾಡಿಯವನಿಗೆ ಊರೆಲ್ಲ ಸುತ್ತು ಎಂದು ಹೇಳಿ, ಇಡೀ ಕ್ಲಬ್ಬಿಗೆ ಹುಚ್ಚು ಹಿಡಿಸಿದ್ದರು. ಇನ್ನೊಮ್ಮೆ ಸೆಕ್ಯುರಿಟಿಯವನ ಟೋಪಿ ಹಾಕಿಕೊಂಡು, ನರಿಯನ್ನು ಮಡಿಲಲ್ಲಿಟ್ಟುಕೊಂಡು, ಫ್ಯಾಕ್ಟರಿ ಗೇಟಿನಲ್ಲಿ ಕೂತಿದ್ದರು. ಜಯಸಿಂಹರಿಗೆ ಸೆಲ್ಯೂಟ್ ಹೊಡೆದರು. ಇವರು ತಿರುಗಿ ಸೆಲ್ಯೂಟ್ ಹೊಡೆದು ಮುಂದೆ ಹೋದರು. ಆ ಕತೆಯನ್ನು ಪಂಕಜಾ ರೇಡಿಯೊದಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅವರ ನರಿಯನ್ನು ಜಯಸಿಂಹ ಒಂದು ಸಲವೂ ಹಿಡಿದವರಲ್ಲ.

ಪಂಕಜಾ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಕ್ಲಬ್ಬಿನವರೆಲ್ಲ ಹೋಗಿ ಊಟ ಮಾಡಿ ಬಂದರು. ಆಮೇಲೆ ಆ ಮನೆಯ ಕಡೆ ಯಾರೂ ತಲೆ ಹಾಕಲಿಲ್ಲ. ಅವರ ಗಂಡ ವಾದಿರಾಜರಿಗೆ ರೇಡಿಯೊ ಅಂದರೆ ವಾರ್ತೆ, ಅಷ್ಟೇ. ಅವರ ಹತ್ತಿರ ಏನು ಮಾತಾಡುವುದೆಂದು ಜಯಸಿಂಹರಿಗೆ ತೋಚದೆ, ನಾಳೆ ಹೋದರಾಯಿತು ಎನ್ನುತ್ತ ಬೇಸಿಗೆಯೇ ಮುಗಿಯಿತು. ಕೊನೆಗೆ ವಾದಿರಾಜರೇ ಫೋನ್ ಮಾಡಿದರು.

"ಈ ಸಲ ಅವಳ ನೆನಪಿಗೆ ಆಟ ಇಟ್ಕೊಂಡಿದೀರಂತೆ. ನರಿ ನಾನು ಇಡ್ತೀನಿ. ಆದ್ರೆ ನೀವೆಲ್ಲ ಹುಡುಕ್ಲೇಬೇಕು. ನಂಗೆ ಅದೊಂದು ಆಸೆ."

ಜಯಸಿಂಹರಿಗೂ ಹಟ ಹುಟ್ಟಿತು. ಹೆಂಡತಿಯದಲ್ಲದಿದ್ದರೆ ಗಂಡನದಾದರೂ ಸರಿ, ಈ ಸಲ ಹಿಡಿಯಲೇಬೇಕು.

ಭಾನುವಾರ ಬೆಳಿಗ್ಗೆ ಶ್ರೀಧರನ ಸ್ಕೂಟರಿನ ಹಿಂದೆ ಕೂತು ಹೊರಟರು. ಶ್ರೀಧರ ಲಗ್ಗೆರೆಯಲ್ಲಿ ಲೇತ್ ಅಂಗಡಿ ಇಟ್ಟವನು, ಕಡಿಮೆ ಮಾತಿನವನು. ಆಂಟೆನಾ ಅತ್ತಿತ್ತ ಅಲುಗದೆ ನೇರವಾಗಿ ಪಂಕಜಾ ಅವರ ಮನೆಯ ಬೀದಿಗೇ ಕರೆದೊಯ್ದಿತು. ಗೇಟಿನ ಮುಂದೆ ಸಿಗ್ನಲ್ ತೋರಿಸುವ ಮೀಟರಿನ ಮುಳ್ಳು ತುದಿಗೆ ಹೋಗಿ ನಿಂತಿತು. ಮುಂಬಾಗಿಲು ಹಾರು ಹೊಡೆದಿತ್ತು.

"ಸಾರ್, ಇಲ್ಲೇ ಇರ್ಬೇಕು," ಎಂದ ಶ್ರೀಧರ.

ಜಯಸಿಂಹ ನಕ್ಕುಬಿಟ್ಟರು. "ಇಷ್ಟು ವರ್ಷ ಪಂಕಜಾ ಜೊತೆ ಬಾಳಿದ ಮನುಷ್ಯ ಕಣಯ್ಯಾ ಅವರು. ಮನೇಲಿಡ್ತಾರಾ? ಸಿಗ್ನಲ್ ಆ ಕಡೆ ತಗಡಿನ ಶೆಡ್ಡುಗಳಿಗೆ ಬಡಿದು ಇಲ್ಲಿಗೆ ಬರ್ತಿದೆ. ಬಾಗ್ಲು ತೆಗ್ದಿಟ್ಟಿರೋದೂ ನಮ್ಮನ್ನ ಏಮಾರ್ಸಕ್ಕೇ. ತಿರುಗ್ಸು ಗಾಡಿ."

ಶೆಡ್ಡುಗಳ ಸಾಲು ಮುಗಿಯುವವರೆಗೆ ಹುಡುಕಿದರು. ಬಿಸಿಲೇರಿತು. ಟೀ ಅಂಗಡಿಯಲ್ಲಿ ಮುನಿಕೃಷ್ಣನ ತಂಡ ಸಿಕ್ಕಿತು, ಆಮೇಲೆ ಇನ್ನೊಂದು. ವಿಚಾರಿಸಿದರೆ ಎಲ್ಲರೂ ಅದೇ ಗೇಟಿನವರೆಗೆ ಹೋದವರೇ, ಎಲ್ಲರೂ ಇದೇ ಬುದ್ಧಿ ಓಡಿಸಿ ಹಿಂದಿರುಗಿದವರೇ. ಟೀ ಕುಡಿಯುತ್ತ ಪಂಕಜಾ ಅವರ ಹಳೆಯ ಕಿತಾಪತಿಗಳನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಮಯ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಸೋಲೊಪ್ಪಿಕೊಂಡು ಜಯಸಿಂಹ ಫೋನ್ ಮಾಡಿದರು. "ರಾಯರೇ, ನೀವು ಪಂಕಜಾನೇ ಮೀರಿಸಿಬಿಟ್ರಿ. ಎಲ್ಲಿಟ್ಟಿದೀರಿ ಹೇಳಿ."

"ಮನೇಲೇ ಇದೆ," ಎಂದರು ವಾದಿರಾಜರು. "ಊಟದ ಮೇಜಿನ ಮೇಲೆ."

ಎಲ್ಲರೂ ಹೋದರು. ಮೇಜಿನ ಮೇಲೆ ನರಿ ಕೀ ಕೀ ಎನ್ನುತ್ತಿತ್ತು. ಅದರ ಸುತ್ತ ಕ್ಲಬ್ಬಿನ ಅಷ್ಟೂ ಮಂದಿಗೆ ತಟ್ಟೆ, ಲೋಟ. ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ತಣ್ಣಗಾಗಿ ಗಟ್ಟಿಕಟ್ಟಿತ್ತು. ಅಡುಗೆ ಬಾರದ ಮನುಷ್ಯ ಬೆಳಿಗ್ಗೆ ಎದ್ದು ಮಾಡಿದ್ದು ಎಂದು ಅದನ್ನು ನೋಡಿದರೇ ತಿಳಿಯುತ್ತಿತ್ತು. ಜಯಸಿಂಹರಿಗೆ ತಲೆಯೆತ್ತಲಾರದಷ್ಟು ನಾಚಿಕೆಯಾಯಿತು.

"ಬಚ್ಚಿಡೋದು ನಂಗೆಲ್ಲಿ ಬರುತ್ತೆ ಹೇಳಿ," ಎಂದರು ವಾದಿರಾಜರು, ಒಬ್ಬೊಬ್ಬರಿಗೂ ಬಡಿಸುತ್ತ. "ಹೇಗೂ ನರಿ ಎಲ್ಲಿದ್ರೆ ನೀವು ಅಲ್ಲಿಗೆ ಬರ್ತೀರಲ್ಲ ಅಂತ ಇಲ್ಲಿಟ್ಟೆ."

"ನಾವು ಗೇಟ್ ತನಕ ಬಂದಿದ್ವಿ ರಾಯರೇ."

"ಗೊತ್ತು. ಕಿಟಕೀಲಿ ನಿಂತು ನೋಡ್ತಾ ಇದ್ದೆ. ನೀವು ನಕ್ಕು ಗಾಡಿ ತಿರುಗಿಸಿದ್ರಿ. ಆಮೇಲೆ ಬಂದೋರೂ ಹಂಗೇ ಹೋದ್ರು." ಅವರು ಜಯಸಿಂಹರ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. "ಇಟ್ಟೋರು ಕೂಗಿ ಕರೀಬಾರ್ದಂತಲ್ಲ. ಕರೆದ್ರೆ ಆಟ ಕೆಡುತ್ತೆ ಅಂತಿದ್ಲು. ಅದಕ್ಕೆ ಕರೀಲಿಲ್ಲ."