ಮ್ಯಾನಮ್ಮನ ಮೇಲೆ ಬಂದ ಮಾತು

ಮಗಳು ಹೂವಿನ ಚಕ್ರವನ್ನು ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲ ಮೇಲಿಂದ ಕೆಳಕ್ಕೆ ಒಗೆದಳು. ಅದು ಕಂಬಿಗೆ ಬಡಿದು, ತಿರುವಿನಲ್ಲಿ ಮಗುಚಿಕೊಂಡು, ಕೆಳಗಿನ ಮನೆಯವರ ಚಪ್ಪಲಿಗಳ ಮೇಲೆ ಹೋಗಿ ಬಿತ್ತು. 'ಆಸ್ಪತ್ರೆಯ ಆಡಳಿತ ವರ್ಗದಿಂದ' ಎಂದು ಬಂಗಾರದ ಬಣ್ಣದಲ್ಲಿ ಬರೆದಿದ್ದ ಪಟ್ಟಿ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಅದನ್ನೂ ಮುದುರಿ ಎಸೆದಳು.

"ಅಯ್ಯೋ, ಏನೇ ಇದು! ಸಾವಿನ ಮನೇಲಿ ಹೀಗಾ ಮಾಡೋದು?" ಚಿಕ್ಕಮ್ಮ ಓಡಿಬಂದು ರಟ್ಟೆ ಹಿಡಿದಳು.

"ಕೊಟ್ಟೋರು ಯಾರು ನೋಡು ಚಿಕ್ಕಮ್ಮ. ಬದುಕಿದ್ದಾಗ ಅಮ್ಮನ ಮೇಲೆ ಗೂಬೆ ಕೂರಿಸಿದ್ರು. ಈಗ ಹೂವು ಕಳಿಸ್ತಾರೆ. ನಾಚಿಕೆ ಬೇಡ್ವಾ?"

"ಮೆಲ್ಲಗೆ ಮಾತಾಡು. ಅವರೆಲ್ಲ ಒಳಗೇ ಕೂತಿದ್ದಾರೆ."

"ಕೇಳಿಸ್ಲಿ ಅಂತಲೇ ಹೇಳ್ತಿರೋದು."

ಕೇಳಿಸಿತ್ತು. ಒಳಗೆ, ಮುಂದಿನ ಕೋಣೆಯಲ್ಲಿ, ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಆಸ್ಪತ್ರೆಯ ಜನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕೌಂಟರಿನಲ್ಲಿ ಚೀಟಿ ಕೊಡುವವಳು ಸೆರಗಿನ ಅಂಚನ್ನು ತಿರುಚುತ್ತಿದ್ದಳು. ಸ್ಟೋರು ನೋಡಿಕೊಳ್ಳುವ ಮುದುಕ ನೆಲ ನೋಡುತ್ತಿದ್ದ. ಕಂಪ್ಯೂಟರ್ ಕೋಣೆಗೆ ಹೊಸದಾಗಿ ಸೇರಿದ ಆಪರೇಟರ್ ಎಲ್ಲರಿಗಿಂತ ಹಿಂದೆ, ಕಿಟಕಿಗೆ ಒರಗಿ ನಿಂತಿದ್ದ. ನಡುವಿನ ಒಳ್ಳೆಯ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ಮ್ಯಾನೇಜರ್. ಸಾವಿನ ಮನೆಯಲ್ಲೂ ಒಳ್ಳೆಯ ಕುರ್ಚಿ ಹುಡುಕಿಕೊಳ್ಳುವ ಜನ ಇರುತ್ತಾರಲ್ಲ, ಅಂಥವನು.

ಅವನು ಮಾಡಿದ್ದು ಇಷ್ಟೇ. ಆಸ್ಪತ್ರೆಯ ಯಂತ್ರದಿಂದ ರೋಗಿಗಳ ಹಳೆಯ ಸ್ಕ್ಯಾನುಗಳೆಲ್ಲ ಒಂದು ಮಧ್ಯಾಹ್ನ ಅಳಿಸಿಹೋದವು. ನಿರ್ದೇಶಕರು ಯಾರು ಹೊಣೆ ಎಂದು ಕೇಳಿದರು. ರಜೆಯ ಮೇಲೆ ಹಾಸಿಗೆ ಹಿಡಿದಿದ್ದ ಅಮ್ಮನೇ, ಅವರೆಲ್ಲ ಕರೆಯುವ ಮ್ಯಾನಮ್ಮನೇ, ಫೋನಿನಲ್ಲಿ ತಪ್ಪು ಕಮ್ಯಾಂಡ್ ಹೇಳಿಕೊಟ್ಟಳು ಎಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೇಗೂ ಸಾಯುವ ಎಮ್ಮೆ, ಕೂಗುವುದೂ ಇಲ್ಲ.

ಅಮ್ಮನನ್ನು ಒಯ್ಯುವ ಗಾಡಿ ಬರುವುದರೊಳಗೆ ಈ ಮಾತನ್ನು ಅವನ ಬಾಯಿಂದಲೇ ಹಿಂದಕ್ಕೆ ತೆಗೆಸಬೇಕು. ಇವತ್ತು ಬಿಟ್ಟರೆ ಈ ಜನ ಮತ್ತೆಂದೂ ಒಂದು ಕಡೆ ಸೇರುವುದಿಲ್ಲ, ಸೇರಿದರೂ ಅಮ್ಮನ ಮುಖ ನೋಡಿಕೊಂಡು ಕೂರುವುದಿಲ್ಲ ಎಂಬುದು ಮಗಳಿಗೆ ಗೊತ್ತಿತ್ತು. ಅವಳು ಒಳಗೆ ಬಂದು ಪೆಟ್ಟಿಗೆಯ ಪಕ್ಕ ಕೂತಳು. ಮೈಯೆಲ್ಲ ಉರಿಯುತ್ತಿತ್ತು.

*

ಮ್ಯಾನಮ್ಮ ಎಂಬ ಹೆಸರು ಅಮ್ಮನಿಗೆ ಅವಳು ಕೆಲಸಕ್ಕಿದ್ದ ಆ ಕಂಪ್ಯೂಟರ್ ಕೋಣೆಯಲ್ಲೇ ಅಂಟಿದ್ದು. ಅಲ್ಲಿಯ ಯಂತ್ರಕ್ಕೆ ಇದ್ದದ್ದು ಬರೀ ಕರಿ ಪರದೆ. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಬೇಕಾದ್ದನ್ನು ಅಕ್ಷರದಲ್ಲಿ ಬರೆದು ಅಪ್ಪಣೆ ಕೊಡಬೇಕು. ಹಾಗೆ ಬರೆಯುವ ಕಮ್ಯಾಂಡುಗಳು ಸಾವಿರಾರು. ಒಂದೊಂದಕ್ಕೂ ಯಂತ್ರದೊಳಗೇ ವಿವರಣೆ ಬರೆದಿಟ್ಟಿರುತ್ತಾರೆ. 'ಮ್ಯಾನ್', ಅಂದರೆ ಮ್ಯಾನ್ಯುಯಲ್, ಎಂದು ಒತ್ತಿ ಕಮ್ಯಾಂಡಿನ ಹೆಸರು ಕೊಟ್ಟರೆ ಸಾಕು, ಆ ಪುಟ ತೆರೆಯುತ್ತದೆ. ಕಮ್ಯಾಂಡಿನ ಹೆಸರೇ ಗೊತ್ತಿಲ್ಲದಿದ್ದರೆ, ಆಗಬೇಕಾದ ಕೆಲಸದ ಹೆಸರು ಕೊಟ್ಟು ಹುಡುಕುವ ದಾರಿಯೂ ಅಲ್ಲೇ ಇದೆ.

ಯಾರೇ ಬಂದು ಇದು ಹೇಗೆ, ಅದು ಹೇಗೆ ಎಂದು ಕೇಳಲಿ, ಅಮ್ಮನದು ಒಂದೇ ಉತ್ತರ. "ಮ್ಯಾನ್ ತೆಗಿ. ಗಟ್ಟಿಯಾಗಿ ಓದು. ಆಮೇಲೆ ಮಾತು." ಬಾಯಲ್ಲಿ ಮಾತ್ರ ಕಮ್ಯಾಂಡ್ ಹೇಳುವವಳಲ್ಲ. ಓದುವವರ ಪಕ್ಕ ಎಷ್ಟು ಹೊತ್ತಾದರೂ ನಿಲ್ಲುವಳು, ಅರ್ಥವಾಗದ ಸಾಲನ್ನು ಬಿಡಿಸಿ ಹೇಳುವಳು, ತಪ್ಪು ಓದಿದರೆ ಮತ್ತೆ ಓದಿಸುವಳು. ಆದರೆ ಒತ್ತುವ ಅಕ್ಷರ ಓದಿದವರ ತಲೆಯಿಂದಲೇ ಬರಬೇಕು. ಬೇಗ ಮನೆಗೆ ಹೋಗಬೇಕಾದವರಿಗೆ ಇದರಿಂದ ತಲೆ ಕೆಟ್ಟುಹೋಗುತ್ತಿತ್ತು.

ಮನೆಯಲ್ಲಾದರೂ ಬೇರೆಯಾಗಿದ್ದಳೇ? ಮಗಳು ಹೊಲಿಗೆಯವಳು, ಕಂಪ್ಯೂಟರಿನ ಗಾಳಿ ಸೋಕಿದವಳಲ್ಲ. ಅವಳ ಮಗುವಿಗೆ ಮೊದಲ ಸಲ ಜ್ವರ ಸುಟ್ಟಾಗ, ಅಳುತ್ತ ಅಮ್ಮನಿಗೆ ಫೋನು ಮಾಡಿದ್ದಳು.

"ಔಷಧಿ ಎಷ್ಟು ಹಾಕ್ಲಿ ಹೇಳಮ್ಮ!"

"ಸೀಸೆ ಮೇಲೆ ಏನು ಬರೆದಿದೆ? ಓದಿ ಹೇಳು."

"ಮಗು ಬೇಯ್ತಾ ಇದೆ, ನಿಂಗೆ ಓದೋ ಹುಚ್ಚು! ನೀನು ತಾಯಿನಾ ಇಲ್ಲಾ ಮೇಷ್ಟ್ರಾ?"

"ನಿನ್ನ ಕೈಲಿರೋ ಸೀಸೆ ನಂಗೆ ಕಾಣಿಸಲ್ಲ ಕಣೇ. ಓದು."

ಮಗಳು ಓದಿದಳು, ಹಲ್ಲು ಕಡಿಯುತ್ತ ಓದಿದಳು. ಅದು ದೊಡ್ಡ ಮಕ್ಕಳಿಗೆ ಕೊಡುವ ಸೀಸೆಯಾಗಿತ್ತು. ಆದರೂ ಆ ಸಿಟ್ಟು ಇಳಿಯಲಿಲ್ಲ. ಎಷ್ಟೋ ದಿನ ಅಮ್ಮನಿಗೆ ಫೋನೇ ಮಾಡಲಿಲ್ಲ. ಒಂದು ಸಲ, ಒಂದೇ ಒಂದು ಸಲ, 'ಇಷ್ಟು ಹಾಕು, ಹೆದರಬೇಡ' ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

*

ಹೊಸ ಆಪರೇಟರನ ಫೋನು ಬಂದಾಗ ಮಗಳು ಅಮ್ಮನ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಅಮ್ಮನಿಗೆ ಮಾತಾಡಿದರೆ ಏದುಸಿರು. ಆದರೂ ಫೋನು ಕಿತ್ತುಕೊಳ್ಳಲು ಬಿಡಲಿಲ್ಲ.

"ಹಳೇ ಫೈಲು ಹುಡುಕಿ ಅಳಿಸ್ಬೇಕಾ? ಫೈಂಡ್ ಅಂತ ಇದೆ, ಅದರ ಮ್ಯಾನ್ ತೆಗಿಯಪ್ಪ. ಡಿಲೀಟ್ ಅಂತ ಬರೋ ಕಡೆ ಹೋಗು. ಅಲ್ಲೊಂದು ಎಚ್ಚರಿಕೆ ಬರೆದಿದಾರೆ. ಓದು, ಕೇಳಿಸ್ಕೋತೀನಿ." ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಇದ್ದಳು. ಆಮೇಲೆ ಫೋನನ್ನು ಎದೆಯ ಮೇಲಿಟ್ಟುಕೊಂಡು, "ಕಟ್ ಮಾಡಿದ. ಆಮೇಲೆ ಓದ್ಕೋತಾನಂತೆ," ಅಂದಳು.

ಅವನು ಓದಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದ ಒಂದು ಸಾಲನ್ನು ಎತ್ತಿ ತಂದು, ಅದರಲ್ಲಿದ್ದ ಮಾತುಗಳನ್ನು ಹಿಂದುಮುಂದು ಮಾಡಿ ಒತ್ತಿದ. ಅಳಿಸು ಎಂಬುದು ಮೊದಲು ಬಂತು, ಯಾವುದನ್ನು ಎಂಬುದು ಆಮೇಲೆ ಬಂತು. ಯಂತ್ರ ಮೊದಲು ಹೇಳಿದ್ದನ್ನು ಮೊದಲು ಮಾಡಿತು. ಆ ಪುಟದಲ್ಲಿದ್ದ ಎಚ್ಚರಿಕೆಯೂ ಇದೇ ಆಗಿತ್ತು.

ಮಾರನೆಯ ವಾರ ನಿರ್ದೇಶಕರ ಕಚೇರಿಯಿಂದ ಅಮ್ಮನಿಗೆ ಫೋನು ಬಂತು. ನೀವು ಹೀಗೆ ಹೇಳಿಕೊಟ್ಟಿರಂತೆ, ನಿಜವೇ ಎಂದು ಕೇಳಿದರು.

"ನಾನು ಬಾಯಲ್ಲಿ ಕಮ್ಯಾಂಡ್ ಹೇಳೋಳಲ್ಲ ಅಂತ ಆ ರೂಮಿನ ಕುರ್ಚಿಗೂ ಗೊತ್ತು," ಅಂದಳು ಅಮ್ಮ. "ಅಲ್ಲಿರೋರ್ನ ಕೇಳಿ, ಹೇಳ್ತಾರೆ."

ಹೇಳುತ್ತಾರೆ ಎಂದೇ ನಂಬಿದ್ದಳು, ಪಾಪ. ಕೆಳಗೆ ಗೇಟಿನ ಸದ್ದಾದರೆ ತಲೆ ಎತ್ತುವಳು. ಯಾರೂ ಬರಲಿಲ್ಲ. ಮಗಳು, "ನಾನು ಹೋಗಿ ಜಗಳ ಆಡಿ ಬರ್ತೀನಿ" ಎಂದರೆ, "ಬೇಡ, ಮಗಳು ತಾಯಿ ಪರ ಹೇಳ್ದೆ ಇನ್ನೇನು ಹೇಳ್ತಾಳೆ ಅಂತಾರೆ. ಅವರೇ ಹೇಳ್ಬೇಕು," ಎಂದಳು. ಕೊನೆಕೊನೆಗೆ ಗೇಟಿನ ಸದ್ದಿಗೆ ತಲೆ ಎತ್ತುವುದನ್ನೂ ಬಿಟ್ಟಳು.

*

ಗಾಡಿ ಬಂದ ಸದ್ದಾಯಿತು. ಮ್ಯಾನೇಜರ್ ಎದ್ದು, ಅಂಗಿ ಕೆಳಗೆಳೆದುಕೊಂಡು, ಪೆಟ್ಟಿಗೆಯ ಬಳಿ ಬಂದ.

"ತುಂಬಲಾರದ ನಷ್ಟ," ಅಂದ. "ಕೊನೇಲಿ ಏನೋ ಒಂದು ತಪ್ಪು ಆಯ್ತು. ಇರ್ಲಿ, ಕಾಯಿಲೆ ಮನುಷ್ಯರು. ನಾವು ಅದನ್ನ ಮನಸಿನಲ್ಲಿ ಇಟ್ಕೊಂಡಿಲ್ಲ."

ಕ್ಷಮಿಸಿಬಿಟ್ಟನಂತೆ, ದೊಡ್ಡ ಮನುಷ್ಯ!

ಗೋಡೆಗೆ ಒರಗಿಸಿದ್ದ ಮುಚ್ಚಳವನ್ನು ಮಗಳು ಹೋಗಿ ಎತ್ತಿಕೊಂಡಳು. ಭಾರವಿತ್ತು. ಎದೆಗೆ ಅವಚಿಕೊಂಡು ಅವನ ಎದುರಿಗೆ ಬಂದು ನಿಂತಳು.

"ಏನು ತಪ್ಪು?"

"ಈಗ ಅದೆಲ್ಲ ಬೇಡಮ್ಮ."

"ಈಗ್ಲೇ ಬೇಕು. ಅಮ್ಮ ಏನು ಹೇಳಿದ್ಲು? ಯಾವ ಕಮ್ಯಾಂಡ್? ನೀವೇ ಹೇಳಿದ್ರಲ್ಲ ಮೇಲಿನೋರಿಗೆ. ನಂಗೂ ಹೇಳಿ."

"ಅದು ಟೆಕ್ನಿಕಲ್ ವಿಷಯ. ನಿಮಗೆ ಅರ್ಥ ಆಗಲ್ಲ."

"ನಿಮಗೆ ಆಯ್ತಾ?"

ಅವನ ಮುಖ ಕೆಂಪಾಯಿತು. ಚಿಕ್ಕಮ್ಮ, "ಸಾಕು ಬಿಡೇ" ಎಂದು ಸೆರಗು ಜಗ್ಗಿದಳು. ಮಗಳು ಗೋಡೆಯುದ್ದಕ್ಕೂ ಕೂತವರ ಕಡೆಗೆ ತಿರುಗಿದಳು.

"ನೀವೆಲ್ಲ ಬಾಯಿಗೆ ಏನು ಕಡುಬು ತುಂಬ್ಕೊಂಡಿದೀರಾ? ಅಮ್ಮ ನಿಮ್ಮಲ್ಲಿ ಯಾರಿಗಾದ್ರೂ ಯಾವತ್ತಾದ್ರೂ ಬಾಯಲ್ಲಿ ಹೇಳಿಕೊಟ್ಟಿದ್ಲಾ? ಇದ್ರೆ ಕೈ ಎತ್ತಿ. ಒಬ್ಬರು ಎತ್ತಿದ್ರೂ ಸಾಕು, ಈ ಮುಚ್ಚಳ ಹಾಕಿ ಸುಮ್ನಾಗ್ತೀನಿ."

ಒಂದು ಕೈಯೂ ಮೇಲೇಳಲಿಲ್ಲ. ಮ್ಯಾನೇಜರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ಅವನ ಆ ನೋಟದಿಂದಲೋ ಏನೋ, ಸ್ಟೋರಿನ ಮುದುಕನಿಗೆ ರೇಗಿತು.

"ಹೇಳಿಕೊಡೋದಾ? ಆಯಮ್ಮ?" ಅಂದ. "ರಿಟೈರ್ ಆಗೋ ವಯಸ್ಸಲ್ಲಿ ನನ್ನ ಕೈಲಿ ಪುಟಗಟ್ಟಲೆ ಓದಿಸಿದ್ಳು. ಕಣ್ಣು ಕಾಣಲ್ಲ ತಾಯಿ ಅಂದ್ರೆ ಅಕ್ಷರ ದೊಡ್ಡದು ಮಾಡಿ ಕೊಟ್ಳು. ನಾನು ಶಾಪ ಹಾಕದ ದಿನ ಇಲ್ಲ."

"ನನ್ನ ಕತೆ ಕೇಳಿ," ಕೌಂಟರಿನವಳು ಒಮ್ಮೆಲೇ ಎದ್ದಳು. "ಮ್ಯಾನ್ ಒಳಗೆ ಹೋದೆ. ಆಚೆ ಬರೋದು ಗೊತ್ತಾಗ್ಲಿಲ್ಲ. ಊಟದ ಹೊತ್ತಾಯ್ತು, ಹೊರಗೆ ರೋಗಿಗಳು ಬೈತಿದಾರೆ. ಅಮ್ಮ ಹೇಳಮ್ಮ, ಹೇಗೆ ಬರ್ಲಿ ಅಂದ್ರೆ, 'ಕೆಳಗಿನ ಸಾಲಲ್ಲೇ ಬರೆದಿದಾರೆ, ಓದು' ಅಂದ್ಲು! 'ಕ್ಯೂ' ಅನ್ನೋ ಅಕ್ಷರ ಒತ್ತು ಅನ್ನೋಕೆ ಏನಾಗಿತ್ತು? ಅಷ್ಟೂ ಹೇಳದೋಳು ಫೋನಲ್ಲಿ ಉದ್ದಕ್ಕೆ ಕಮ್ಯಾಂಡ್ ಹೇಳ್ತಾಳಾ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಹಿಡಿಯುವವರೇ ಇಲ್ಲ. ಪ್ರಯೋಗಾಲಯದವನು ಬೈದ, ಡ್ರೈವರ್ ಬೈದ, ದಾದಿಯೊಬ್ಬಳು ಕಣ್ಣೊರೆಸಿಕೊಂಡು ಬೈದಳು. ಓದಿಸಿ ಓದಿಸಿ ಹೇಗೆ ಪ್ರಾಣ ತಿಂದಳು ಎಂದು ಒಬ್ಬೊಬ್ಬರೂ ದೂರುವವರೇ. ಅಮ್ಮನನ್ನು ಯಾರೂ ಹೊಗಳಲಿಲ್ಲ. ಮಗಳಿಗೆ ಈ ಒಂದೊಂದು ಬೈಗುಳಕ್ಕೂ ಎದೆ ತಂಪಾಯಿತು. ಅದರ ಹಿಂದೆಯೇ ಇನ್ನೊಂದು ಸಿಟ್ಟು ಉಕ್ಕಿತು: ಇಷ್ಟು ಮಾತು ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದರಲ್ಲ, ಹೇಡಿಗಳು! ಅವಳು ಉಸಿರಾಡುತ್ತಿದ್ದಾಗ ಬಂದು ಹೀಗೇ ಬೈದಿದ್ದರೆ ಎಷ್ಟು ಹಿಗ್ಗುತ್ತಿದ್ದಳು.

"ನಾನೇನೂ ಸುಳ್ಳು ಹೇಳಿಲ್ಲ. ನನಗೆ ಬಂದ ಮಾಹಿತಿ ಹಾಗಿತ್ತು," ಎಂದ ಮ್ಯಾನೇಜರ್.

ಯಾರಿಂದ ಬಂತು ಎಂದು ಯಾರೂ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹೊಸ ಆಪರೇಟರ್ ಕಿಟಕಿ ಬಿಟ್ಟು ಮುಂದೆ ಬಂದ.

"ಸರ್, ನಾನು ಹಾಗೆ ಹೇಳ್ಲಿಲ್ಲ. ಮ್ಯಾನಮ್ಮಂಗೆ ಫೋನ್ ಮಾಡಿದ್ದೆ ಅಂತ ಮಾತ್ರ ಹೇಳ್ದೆ. ಹಾಗಾದ್ರೆ ಅವ್ರೇ ಹೇಳಿಕೊಟ್ಟಿದ್ದು ಅಂತ ಬರ್ಕೋತೀನಿ, ನೀನು ಸುಮ್ನಿರು ಅಂದಿದ್ದು ನೀವು." ಅವನು ಪೆಟ್ಟಿಗೆಯ ಕಡೆ ತಿರುಗಿದ. "ಅವರು ಓದು ಅಂದ್ರು. ನಾನು ಓದ್ಲಿಲ್ಲ. ಒತ್ತಿದ್ದು ನಾನೇ."

"ಕೆಲಸ ಹೋಗುತ್ತೆ, ಗೊತ್ತಾ?"

"ಹೋಗ್ಲಿ ಸರ್."

ಮಗಳಿಗೆ ಆ ಆಪರೇಟರನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಖಾಲಿ ಇರಲಿಲ್ಲ.

"ಆಯ್ತಲ್ಲ," ಮ್ಯಾನೇಜರ್ ಗಡಿಯಾರ ನೋಡಿಕೊಂಡ. "ನಾಳೆ ನಾನು ನಿರ್ದೇಶಕರ ಹತ್ರ ಮಾತಾಡ್ತೀನಿ. ಈಗ ಹೊರಡೋಣ, ಗಾಡಿಯವರು ಕಾಯ್ತಿದಾರೆ."

"ನಾಳೆ ನೀವು ಮಾತಾಡಲ್ಲ," ಅಂದಳು ಮಗಳು. "ಫೋನ್ ತೆಗೀರಿ. ಇಲ್ಲೇ, ಅವಳ ತಲೆ ಹತ್ರ ನಿಂತು ಹೇಳಿ. ಹೇಳೋವರೆಗೂ ನಮ್ಮಮ್ಮ ಈ ಮನೆಯಿಂದ ಎದ್ದೇಳಲ್ಲ."

ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಸ್ಟೋರಿನ ಮುದುಕ ಬಂದು ನಿಂತಿದ್ದ. ಪಕ್ಕಕ್ಕೆ ಸರಿಯುವ ಇರಾದೆಯೇನೂ ಅವನಿಗಿದ್ದಂತೆ ಕಾಣಲಿಲ್ಲ. ಚಿಕ್ಕಮ್ಮ ಕೂಡ ಮಗಳ ಸೆರಗು ಬಿಟ್ಟು, ಕಣ್ಣೊರೆಸಿಕೊಂಡು, "ಮಾಡಿ ಸ್ವಾಮಿ, ಹೊತ್ತಾಗುತ್ತೆ," ಅಂದಳು.

ಮ್ಯಾನೇಜರ್ ಫೋನು ತೆಗೆದ. ಕೌಂಟರಿನವಳು ಮುಚ್ಚಳದ ಒಂದು ತುದಿ ಹಿಡಿದಳು, ಹೊಸ ಆಪರೇಟರ್ ಇನ್ನೊಂದು ತುದಿಗೆ ಕೈ ಹಾಕಿದ. ಮಗಳು ಅವನ ಕೈಯನ್ನು ದುರುಗುಟ್ಟಿ ನೋಡಿದಳು, ತಳ್ಳಲಿಲ್ಲ. ಮೂವರೂ ಅದನ್ನು ಪೆಟ್ಟಿಗೆಯ ಮೇಲಕ್ಕೆ ತಂದು, ಅಮ್ಮನ ಮುಖ ಕಾಣುವ ಹಾಗೆ ಎತ್ತರಕ್ಕೆ ಹಿಡಿದು ನಿಂತರು.

"ನಮಸ್ಕಾರ ಸರ್... ಹೌದು, ಅವರ ಮನೇಲೇ ಇದೀನಿ... ಸರ್, ಆ ಸ್ಕ್ಯಾನಿನ ವಿಷಯ. ಅದರಲ್ಲಿ ಅವರದು..." ಅವನು ನಿಲ್ಲಿಸಿದ. ಆ ಕಡೆಯಿಂದ ಏನೋ ಕೇಳುತ್ತಿದ್ದರು.

ಅವರದು ತಪ್ಪಿಲ್ಲ ಎಂದು ಅವನ ವಾಕ್ಯ ಮುಗಿಯುವವರೆಗೆ ಯಾರೂ ಮುಚ್ಚಳ ಕೆಳಗಿಳಿಸಲಿಲ್ಲ.