ಹೊರಗವ್ಳೆ ಅಂದದ್ದಕ್ಕೆ

ವರ್ಷಕ್ಕೊಂದು ಸಲ ಸರ್ಕಾರಕ್ಕೆ ಹುಚ್ಚಮ್ಮನ ಸೊಸೆಯ ಮೇಲೆ ಅನುಮಾನ ಬರುತ್ತದೆ. ಇವಳು ನಿಜವಾಗಿಯೂ ಆ ಮನೆಯಲ್ಲಿ ಇದ್ದಾಳೋ ಇಲ್ಲವೋ ಅಂತ. ಆಗ ಮದುವೆ ಸರ್ಟಿಫಿಕೇಟು, ಜಮೀನಿನ ಪಹಣಿ, ಕರೆಂಟ್ ಬಿಲ್ಲು, ಗಂಡ ಹೆಂಡತಿ ಪಕ್ಕಪಕ್ಕ ನಿಂತ ಫೋಟೋ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕು. ಹಳೇ ಫೋಟೋ ನಡೆಯುವುದಿಲ್ಲ. ಹೋದ ವರ್ಷ ಜೊತೆಗಿದ್ದವರು ಈ ವರ್ಷವೂ ಜೊತೆಗಿದ್ದಾರೆ ಅಂತ ಕಂಡವರು ಯಾರು?

ಇದು ಐದನೇ ವರ್ಷ. ಫಾರಿನರ್ ಸೊಸೆ ಬಂದಳು ಅಂತ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿದ ಕಾಲ ಮುಗಿದು, ಈಗ ಉಳಿದಿರುವುದು ಜೆರಾಕ್ಸ್ ಅಂಗಡಿಯ ಓಡಾಟ ಮಾತ್ರ. ಹುಚ್ಚಮ್ಮ ಸ್ವತಃ ಹಾಸನದ ಕಡೆಯಿಂದ ಶನಿವಾರಸಂತೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಗಿತ್ತು. ಒಂದು ಟ್ರಂಕು ಹಿಡಿದುಕೊಂಡು ಬಂದವಳನ್ನು ಯಾವ ನರಪಿಳ್ಳೆಯೂ ಕಾಗದ ಕೇಳಿರಲಿಲ್ಲ.

ಸೊಸೆ ಫಿಲಿಪೈನ್ಸ್ ದೇಶದವಳು. ಮಗ ಮಹೇಶ ಕುವೈತಿನ ಒಂದು ಮನೆಗೆ ಡ್ರೈವರಾಗಿದ್ದಾಗ ಅದೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳಂತೆ. ಪಾಸ್‌ಪೋರ್ಟಿನಲ್ಲಿರುವ ಹೆಸರು ಮಾರಿಸೆಲ್. ಬಂದ ಹೊಸದರಲ್ಲಿ ಮಹೇಶ 'ಮಾರಿ, ಮಾರಿ' ಎನ್ನುವುದನ್ನು ಕೇಳಿ ಹುಚ್ಚಮ್ಮ ಹೌಹಾರಿದ್ದಳು. "ಊರಿಂದಾಚೆಗೆ ಕಳಿಸೋ ಮಾರೀನ ಯಾರಾದ್ರೂ ಹೆಸ್ರಿಡ್ದು ಮನೆಯೊಳಕ್ಕೆ ಕರೀತಾರೇನೋ?" ಅಂದವಳೇ ಚಿನ್ನಿ ಎಂದು ಹೆಸರಿಟ್ಟಳು. ಊರಿಗೆಲ್ಲ ಅದೇ ಹೆಸರಾಯಿತು.

ಚಿನ್ನಿ ರೊಟ್ಟಿ ತಟ್ಟುವುದನ್ನು ಕಲಿತಳು, ಹಸಿಮೆಣಸಿನಕಾಯಿ ಬಿಡಿಸುವುದನ್ನು ಕಲಿತಳು, ಅತ್ತೆಯ ಬಾಯಿಂದಲೇ ಕನ್ನಡ ಕಲಿತಳು. ತಿಂಗಳಿಗೆ ಮೂರು ದಿನ ಹಿತ್ತಿಲ ಕಡೆಯ ಪುಟ್ಟ ಕೋಣೆಯಲ್ಲಿ ಬೇರೆ ಕೂರುವುದನ್ನೂ ಕಲಿತಳು. ಮೊದಲ ಸಲ ನಕ್ಕಿದ್ದಳು. ಆಮೇಲೆ ಏನನ್ನಿಸಿತೋ, ಚಾಪೆ ದಿಂಬು ತಾನೇ ತೆಗೆದುಕೊಂಡು ಹೋಗತೊಡಗಿದಳು. ಆ ಮೂರು ದಿನ ಒಲೆ, ದನ, ಮೂರು ವರ್ಷದ ಮೊಮ್ಮಗಳು ಎಲ್ಲವೂ ಹುಚ್ಚಮ್ಮನ ತಲೆಗೆ. ಅವಳ ಮಂಡಿ ಎರಡೂ ಕೂಗಾಡುತ್ತಿದ್ದವು. ಆದರೂ ಅದು ನಡೆದುಕೊಂಡು ಬಂದದ್ದು, ಬಿಡುವುದು ಹೇಗೆ?

ಪೊಲೀಸಿನವನು ಬಂದದ್ದು ಅಂಥದೇ ಒಂದು ದಿನ. ಸೊಸೆ ಮನೆಯಲ್ಲಿದ್ದಾಳೆಂದು ಕಣ್ಣಾರೆ ನೋಡಿ ವರದಿ ಕೊಡುವುದು ಅವನ ಕೆಲಸ. ಮಹೇಶ ಶುಂಠಿ ಲೋಡು ತೆಗೆದುಕೊಂಡು ಹೋಗಿದ್ದ. ಬಂದವನು ಬಯಲುಸೀಮೆಯ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಅಂಗಳದಲ್ಲಿ ಬೈಕು ನಿಲ್ಲಿಸಿ ಕಾಗದ ತೆಗೆದ.

"ಮಾರಿಸೆಲ್ ಅನ್ನೋರು ಇಲ್ಲೇ ಇರ್ತಾರೇನ್ರೀ?"

"ಇರ್ತಾಳೆ ಸಾ. ನನ್ ಸೊಸೆ."

"ಸ್ವಲ್ಪ ಕರೀರಿ."

"ಈಗ ಬರಕಾಗಲ್ಲ ಸಾ. ಹೊರ್ಗವ್ಳೆ."

"ಹೊರಗ ಅದಾರ? ಯಾವಾಗಿಂದ?"

"ನಿನ್ನೆಯಿಂದ."

"ಎಲ್ಲಿಗೆ ಹೋಗ್ಯಾರ?"

ಹುಚ್ಚಮ್ಮನಿಗೆ ಮೈಯೆಲ್ಲ ಹಿಡಿಯಾಯಿತು. ಗಂಡಸು, ಅದೂ ಮಗನಿಗಿಂತ ಚಿಕ್ಕವನು, ಇದನ್ನೆಲ್ಲ ಕೆದಕಿ ಕೇಳುತ್ತಾನಲ್ಲ! ಮುಖ ಆ ಕಡೆ ತಿರುಗಿಸಿ, "ಅದೆಲ್ಲ ನೀವ್ ಕೇಳ್ಬಾರ್ದು ಸಾ" ಅಂದಳು.

ಹುಡುಗ ಅವಳನ್ನೊಮ್ಮೆ ನೋಡಿ ಏನೋ ಗೀಚಿಕೊಂಡ. ಪಕ್ಕದ ಮನೆ ರಂಗಮ್ಮನನ್ನೂ ವಿಚಾರಿಸಿದ. ಮಾರಿಸೆಲ್ ಅನ್ನುವ ಹೆಸರು ಕೇಳಿ ರಂಗಮ್ಮ, "ಅಂಥೋರ್ ಯಾರೂ ಇಲ್ಲಿಲ್ಲ ಬುಡಿ" ಎಂದು ಕೈಯಾಡಿಸಿದಳು. ಬೈಕು ಹೊರಟುಹೋಯಿತು. ಅಲ್ಲಿಂದ ಹತ್ತು ಮಾರು ದೂರದಲ್ಲಿ, ಹಿತ್ತಿಲ ಕೋಣೆಯಲ್ಲಿ, ಚಿನ್ನಿ ಒಳ್ಳೆ ನಿದ್ದೆಯಲ್ಲಿದ್ದಳು.

ಮುಂದಿನ ಶನಿವಾರ ಸಂತೆಯಿಂದ ಬಂದು ಖಾಲಿ ಚೀಲ ಕೊಡವುತ್ತಿರುವಾಗ ಮಹೇಶನ ಫೋನಿಗೆ ಮೆಸೇಜು ಬಂತು. ಕೊಟ್ಟ ವಿಳಾಸದಲ್ಲಿ ಅರ್ಜಿದಾರರು ವಾಸವಿಲ್ಲ, ಎಲ್ಲಿದ್ದಾರೆಂದು ತಿಳಿಸಲು ಮನೆಯವರು ನಿರಾಕರಿಸಿದ್ದಾರೆ, ಅರ್ಜಿ ತಿರಸ್ಕರಿಸಲಾಗಿದೆ. ಚಿನ್ನಿ ಈ ದೇಶದಲ್ಲಿರಲು ಕೊಟ್ಟ ಪರ್ಮಿಟ್ಟು ಗುರುವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ಅವಳು ದೇಶ ಬಿಡಬೇಕು. ಅಲ್ಲಿಂದ ಮತ್ತೆ ವೀಸಾ ಕೇಳಿ, ಕೊಟ್ಟಾಗ ಬರಬೇಕು. ಆರು ತಿಂಗಳೋ, ವರ್ಷವೋ, ಯಾರಿಗೂ ಗೊತ್ತಿಲ್ಲ.

"ಅವ್ವ, ಪೊಲೀಸ್ನೋರಿಗೆ ಏನಂದೆ ನೀನು?"

"ಇನ್ನೇನಂದೇನು? ಹೊರ್ಗವ್ಳೆ ಅಂದೆ. ಇದ್ಲಲ್ಲ."

ಮಹೇಶನಿಗೆ ನಗು ಬಂತು. ನಗುತ್ತಾ ನಗುತ್ತಾ ಜಗಲಿಯ ಮೇಲೆ ಕುಸಿದು ಕೂತ. ಆಮೇಲೆ ಅದು ನಗುವಾಗಿರಲಿಲ್ಲ. ಚಿನ್ನಿ ಮೆಸೇಜನ್ನು ಎರಡು ಸಲ ಓದಿದಳು. "ಐದು ವರ್ಷ ಆಯ್ತು. ಸಾಕಾಗೋಯ್ತು ಅತ್ತೆ" ಅಂದಳು, ಅತ್ತೆಯದೇ ದನಿಯಲ್ಲಿ. ಮಗುವನ್ನು ಎತ್ತಿಕೊಂಡು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ಹುಚ್ಚಮ್ಮ ತನ್ನ ತಟ್ಟೆಯದನ್ನು ದನಕ್ಕೆ ಹಾಕಿ ಬಾಯಿ ತೊಳೆದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಬಾಯಿ ಅದು.

ಭಾನುವಾರ ಬೆಳಿಗ್ಗೆ ತಾಯಿ ಮಗ ಇಬ್ಬರೂ ಠಾಣೆಗೆ ಹೋದರು. ಮೆಟ್ಟಿಲು ಹತ್ತುವಾಗಲೇ ಹುಚ್ಚಮ್ಮ ಕೇಳಿದಳು, "ಹೆಂಗಸ್ರು ಪೊಲೀಸು ಯಾರಾದ್ರೂ ಅವ್ರೇನಪ್ಪ?" ಇದ್ದ ಒಬ್ಬಳೂ ರಜೆಯಲ್ಲಿದ್ದಳು. ಒಳಗೆ ಇದ್ದದ್ದು ಆ ಬಯಲುಸೀಮೆ ಹುಡುಗ, ಮೇಜಿನ ಹಿಂದೆ ಠಾಣೆಯ ರೈಟರ್ ಮೊಣ್ಣಪ್ಪ, ಬೇಲಿ ಜಗಳಕ್ಕೆ ಬಂದಿದ್ದ ನಾಲ್ಕು ಗಂಡಸರು. ಮಹೇಶ ಬಾಯಿ ತೆರೆದ, ಮುಚ್ಚಿದ. ಅವ್ವನ ಎದುರು ಅವನಿಗೂ ನಾಲಿಗೆ ಏಳಲಿಲ್ಲ.

ಮೊಣ್ಣಪ್ಪ ವರದಿ ತೆಗೆದು ನೋಡಿದರು. "ಸೊಸೆ ಹೊರಗಡೆ ಇದ್ದಾಳೆ ಅಂತ ನೀವೇ ಹೇಳಿದ್ದಲ್ವಾ? ಈಗ ಮನೇಲೇ ಇದ್ಲು ಅಂದ್ರೆ ಹೇಗಮ್ಮಾ? ಯಾವುದು ಸುಳ್ಳು?"

"ಎಲ್ಡೂ ನಿಜ ಸಾ."

"ಅದು ಹೇಗೆ?"

ಹುಚ್ಚಮ್ಮ ಸೆರಗು ಹೊದ್ದುಕೊಂಡಳು. ನಲವತ್ತು ವರ್ಷದಲ್ಲಿ ಕಟ್ಟಿಕೊಂಡ ಗಂಡನೆದುರಿಗೂ ಆ ಪದ ಆಡಿದವಳಲ್ಲ. ದೂರ ಅವ್ನಿ, ಹೊರ್ಗವ್ನಿ, ಕಾಗೆ ಮುಟ್ಟದೆ ಅಂತೆಲ್ಲ ಸುತ್ತಿ ಬಳಸಿ, ಅದೂ ಕದದ ಹಿಂದಿನಿಂದ ಹೇಳಿದವಳು. ಈಗ ಬೇಲಿ ಜಗಳದ ನಾಲ್ಕು ಜನವೂ ಜಗಳ ಬಿಟ್ಟು ಇವಳನ್ನೇ ನೋಡುತ್ತಿದ್ದರು. ಅವಳಿಗೆ ಹಸಿವಿನಲ್ಲಿ ಮಲಗಿದ್ದ ಸೊಸೆ ನೆನಪಾದಳು. ಗುರುವಾರ ನೆನಪಾಯಿತು.

"ಮುಟ್ಟಾಗಿದ್ಲು ಸಾ" ಅಂದಳು. ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಮುಟ್ಟು. ತಿಂಗಳು ತಿಂಗಳು ಆಯ್ತದಲ್ಲ, ನಿಮ್ ಮನೆಯೋರ್ಗೂ ಆಯ್ತದಲ್ಲ, ಅದು. ನಾವು ಅದಕ್ಕೇ ಹೊರ್ಗವ್ಳೆ ಅನ್ನದು. ಹಿತ್ತಲ ಕೋಣೇಲಿ ಮಲಗಿದ್ಲು. ಎಲ್ಲಿಗೂ ಹೋಗಿರ್ನಿಲ್ಲ ನನ್ ಸೊಸೆ."

ಹುಡುಗನ ಕಿವಿ ಕೆಂಪಾಗಿತ್ತು. "ನಮ್ಮ ಕಡೆ ಇದಕ್ಕ ಕಡಿಗಾಗ್ಯಾಳ ಅಂತೀವ್ರೀ" ಎಂದು ನೆಲ ನೋಡಿಕೊಂಡು ಗೊಣಗಿದ. "ನೀವು ಹಂಗ ಅಂದಿದ್ರ ತಿಳೀತಿತ್ತು."

"ನಂಗೇನಪ್ಪ ಗೊತ್ತು ನಿಮ್ ಕಡೇದು" ಅಂದಳು ಹುಚ್ಚಮ್ಮ, ಸುಸ್ತಾಗಿ.

ಹೇಳಿಕೆ ಬರೆಯಬೇಕಿತ್ತು. ಏನೆಂದು ಬರೆಯಲಿ ಎಂದು ಮೊಣ್ಣಪ್ಪ ಪೆನ್ನು ಕಚ್ಚಿದರು. "ಇದ್ದದ್ದನ್ನೇ ಬರೀರಿ ಸಾ. ಇನ್ನೊಂದ್ಸಲ ತಪ್ಪಾಗದು ಬ್ಯಾಡ" ಅಂದಳು. ಚಿನ್ನಿಯೂ ಮಾರಿಸೆಲ್ಲೂ ಒಬ್ಬಳೇ ಎಂಬುದನ್ನೂ ಬರೆಸಿದಳು. ಬರೆದದ್ದನ್ನು ನಿಯಮದಂತೆ ಓದಿ ಹೇಳಬೇಕು. ಅವರು ಗಟ್ಟಿಯಾಗಿಯೇ ಓದಿದರು. ಅದನ್ನೆಲ್ಲ ಮತ್ತೊಮ್ಮೆ ಕೇಳಿಸಿಕೊಂಡು ಹುಚ್ಚಮ್ಮ ಕೆಳಗೆ ವಕ್ರವಕ್ರವಾಗಿ ಸಹಿ ಹಾಕಿದಳು. ಬಸ್ಸಿನಲ್ಲಿ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಧ್ಯಾಹ್ನ ಹುಡುಗ ಬಂದು ಬಾಗಿಲಲ್ಲಿ ನಿಂತ ಚಿನ್ನಿಯ ಫೋಟೋ ತೆಗೆದುಕೊಂಡು ಹೋದ. ಮಹೇಶ ಅರ್ಜಿಯನ್ನು ಮತ್ತೆ ಹಾಕಿದ. ಸೋಮವಾರ ಏನೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಚಿನ್ನಿ ಕಪಾಟಿನಿಂದ ಸೂಟ್‌ಕೇಸು ಇಳಿಸಿಟ್ಟಳು. ಮಗು ಅದರೊಳಗೆ ಕೂತು ಬಸ್ಸಾಟ ಆಡಿತು. ಬುಧವಾರ ಸಂಜೆ ಪರ್ಮಿಟ್ಟು ಬಂತು. ಯಾರೂ ಕುಣಿಯಲಿಲ್ಲ. ಮಹೇಶ ಜೆರಾಕ್ಸ್ ಮಾಡಿಸಲು ಹೋದ, ಹುಚ್ಚಮ್ಮ ದನಕ್ಕೆ ಹುಲ್ಲು ಹಾಕಲು ಹೋದಳು.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಚಿನ್ನಿ ಚಾಪೆ ಸುತ್ತಿಕೊಂಡು ಹಿತ್ತಿಲ ಕಡೆ ಹೊರಟಳು. ಹುಚ್ಚಮ್ಮ ಅಡ್ಡ ನಿಂತಳು.

"ಎಲ್ಲಿಗೆ?"

"ಹೊರ್ಗೆ, ಅತ್ತೆ."

"ಬ್ಯಾಡ. ಒಳ್ಗೇ ಇರು. ಹೊರ್ಗವ್ಳೆ ಅಂತ ಇನ್ಯಾವನೂ ಬರ್ಕಂಡು ಹೋಗದು ಬ್ಯಾಡ."

ಸೊಸೆ ಖುಷಿಪಟ್ಟಾಳು ಅಂದುಕೊಂಡಿದ್ದಳು. ಚಿನ್ನಿಯ ಮುಖ ಇಳಿದುಹೋಯಿತು. ಚಾಪೆಯನ್ನು ಎದೆಗವಚಿಕೊಂಡು, "ಅತ್ತೆ, ಮೂರೇ ದಿನ. ಅಲ್ಲಿ ನನ್ನ ಯಾರೂ ಕರೆಯಲ್ಲ. ಅಷ್ಟೇ ರೆಸ್ಟು ನಂಗೆ" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಐದು ವರ್ಷದಿಂದ ಸೊಸೆ ತನ್ನ ಪದ್ಧತಿಗೆ ತಲೆಬಾಗಿದ್ದಾಳೆ ಅಂತ ಹುಚ್ಚಮ್ಮ ಊರ ತುಂಬ ಹೇಳಿಕೊಂಡು ತಿರುಗಿದ್ದಳು. ತಾನೂ ಈ ಮನೆಗೆ ಬಂದ ಹೊಸದರಲ್ಲಿ ಇದೇ ಮೂರು ದಿನಕ್ಕೆ ಬೆರಳು ಎಣಿಸುತ್ತಿದ್ದದ್ದು ಮರೆತೇ ಹೋಗಿತ್ತು.

ಸೊಸೆಯ ಕೈಯಿಂದ ಚಾಪೆ ತೆಗೆದುಕೊಂಡು ನಡುಮನೆಯಲ್ಲಿ, ಕಿಟಕಿಯ ಕೆಳಗೆ ಹಾಸಿದಳು.

"ರೆಸ್ಟು ಇಲ್ಲೇ ತಕ್ಕ. ಒಲೆ ನಾನ್ ಹಚ್ತೀನಿ" ಅಂದಳು.