ಸಂಘ ಯಾರದು?

ಕಕ್ಕೇರಾದ ರೈತ ಸಂಘಕ್ಕೆ ಅಧ್ಯಕ್ಷ ಅಂತ ಯಾರೂ ಇರಲಿಲ್ಲ. ಆಳು ಸಿಗದೆ ಹಾಗಿತ್ತು ಅಂದುಕೊಳ್ಳಬೇಡಿ, ಬೇಕೆಂದೇ ಇಟ್ಟುಕೊಂಡ ಪದ್ಧತಿ ಅದು. ಸಂಘದ ಹಿರಿಯ ನಾಗಣ್ಣ ಹರೆಯದಲ್ಲಿದ್ದಾಗ ಶಹಾಪುರದಲ್ಲಿ ರಸ್ತೆ ತಡೆ ಮಾಡಿಸಿದ್ದ. ಪೊಲೀಸರು ಬಂದು ಲೀಡರ್ ಯಾರು ಅಂದರು. ಇವನು ಬಾಯಿ ತೆರೆಯುವ ಮೊದಲೇ ಹಿಂದೆ ಕೂತಿದ್ದ ಯಾವನೋ ಕೈ ಎತ್ತಿ ‘ನಾನೇರಿ’ ಅಂದುಬಿಟ್ಟ. ಪಕ್ಕದವನೂ ಎತ್ತಿದ, ಅವನ ಪಕ್ಕದವನೂ ಎತ್ತಿದ. ನೋಡನೋಡುತ್ತ ರಸ್ತೆ ತುಂಬ ಕೈಗಳು. ಅಷ್ಟು ಮಂದಿಯನ್ನು ತುಂಬಲಿಕ್ಕೆ ವ್ಯಾನು ಎಲ್ಲಿಂದ ತರಬೇಕು? ಪೊಲೀಸರು ಬಂದ ದಾರಿ ಹಿಡಿದರು. ಅವತ್ತಿನಿಂದ ಸಭೆ ಶುರುವಾಗುವುದೇ ಹಾಗೆ. ನಾಗಣ್ಣ “ಸಂಘ ಯಾರದು?” ಎಂದು ಕೇಳಬೇಕು, ಊರ ಬೇವಿನ ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೇ ಕೈ ಎತ್ತಿ “ನಂದು” ಅನ್ನಬೇಕು.

ದೇವಕ್ಕನಿಗೆ ಆ ಗಳಿಗೆ ಅಂದರೆ ಪ್ರಾಣ. ಕೈ ಎತ್ತಿದಾಗ ಎಡಕ್ಕೆ ಬಲಕ್ಕೆ ಕೈಗಳ ಬೇಲಿ, ನಡುವೆ ತಾನು. ಯಾವ ಅಂಜಿಕೆಯೂ ಹತ್ತಿರ ಸುಳಿಯದು ಅನಿಸುತ್ತಿತ್ತು.

ಅವಳ ಮೆಣಸಿನಕಾಯಿ ಹೊಲ ಕಾಲುವೆಯ ಕಟ್ಟಕಡೆಗೆ. ನೀರು ಬಿಟ್ಟರೂ ಮೇಲಿನವರ ತೂಬುಗಳೇ ಎಲ್ಲ ಕುಡಿದುಬಿಡುತ್ತಿದ್ದವು, ಅವಳ ಹೊಲಕ್ಕೆ ಬರುವುದು ಬರೀ ಸುದ್ದಿ. ಅದನ್ನು ನೋಡಿ ನೋಡಿ ಅವಳಿಗೊಂದು ವಿಚಾರ ಹೊಳೆದಿತ್ತು. ಕೊನೆಯ ಹೊಲಕ್ಕೆ ಮೊದಲ ನೀರು ಕೊಡಬೇಕು. ಮೇಲಿನ ತೂಬುಗಳನ್ನು ಮುಚ್ಚಿ ನೀರನ್ನು ಕೊನೆಯ ತನಕ ಒಯ್ಯಬೇಕು, ಅಲ್ಲಿಂದ ಒಂದೊಂದೇ ತೂಬು ತೆರೆಯುತ್ತ ಮೇಲೆ ಬರಬೇಕು. ಆಗ ಮೇಲಿನವನೇ ಕಾಲುವೆ ಕಾಯುತ್ತಾನೆ, ಯಾಕೆಂದರೆ ಕೆಳಗಿನವನ ಹೊಲ ತೊಯ್ಯದೆ ಅವನ ಸರದಿ ಬರುವುದಿಲ್ಲ. ನೀರಿಗಷ್ಟೇ ಅಲ್ಲ ಈ ಮಾತು, ಸಾಲಿ ದವಾಖಾನಿಗೂ ಇದೇ ನ್ಯಾಯ, ಸರ್ಕಾರ ಅನ್ನುವುದು ಕೊನೆಯಿಂದ ಶುರುವಾಗಬೇಕು ಎನ್ನುತ್ತಿದ್ದಳು. ಒಣಗಿದ ಕಾಲುವೆಯೊಳಗೆ ಕುಕ್ಕರುಗಾಲಲ್ಲಿ ಕೂತು ಅವಳು ಇದನ್ನು ಹೇಳುವುದು, ಮೊಬೈಲ್ ರಿಪೇರಿಯ ಆಸೀಫ್ ಅದನ್ನು ‘ಕೊನಿ ಹೊಲ’ ಎಂಬ ಫೇಸ್‌ಬುಕ್ ಪೇಜಿಗೆ ಹಾಕುವುದು. ಸುರಪುರ, ಶಹಾಪುರ ಎರಡೂ ತಾಲೂಕಿನ ಕೊನೆ ಹಳ್ಳಿಗಳವರು ಅದನ್ನೇ ನೋಡುತ್ತಿದ್ದರು. ಧರಣಿ ಎಲ್ಲಿ, ಯಾವಾಗ ಎಂಬುದೂ ಅವರಿಗೆ ಅಲ್ಲಿಂದಲೇ ತಿಳಿಯಬೇಕು.

ಒಂದು ವಿಡಿಯೋದಲ್ಲಿ ದೇವಕ್ಕ ಸಿಟ್ಟಿಗೆದ್ದು, ಸರ್ಕಾರ ಮುಚ್ಚದಿದ್ದರೆ ತೂಬು ನಾವೇ ಮುಚ್ಚೋಣ ಬನ್ನಿ ಅಂದುಬಿಟ್ಟಳು. ಆಡಿದ್ದು ಅಷ್ಟೇ. ಯಾರು ದೂರು ಕೊಟ್ಟರೋ ಶಿವನೇ ಬಲ್ಲ, ಒಂದು ಮುಂಜಾನೆ ಪೇಜು ತೆರೆದರೆ ಬಿಳಿ ಹಾಳೆ. ಕಾನೂನಿನ ಕೋರಿಕೆಯಂತೆ ಇದು ಭಾರತದಲ್ಲಿ ಲಭ್ಯವಿಲ್ಲ ಎಂದು ಬರೆದಿತ್ತು. ನಮ್ಮ ಕಾಲುವೆ ನಮಗೇ ಲಭ್ಯವಿಲ್ಲೇನು ಎಂದು ದೇವಕ್ಕ ಆಸೀಫನ ಅಂಗಡಿಯಲ್ಲೇ ಬೈದಳು.

ಆಮೇಲೆ ವಿಚಾರಣೆಗೆಂದು ಯಾದಗಿರಿಯಿಂದ ಒಬ್ಬ ಸಾಹೇಬರು ಬಂದರು. ಕಟ್ಟೆಯ ಮುಂದೆ ನಿಂತು, ಈ ಪೇಜು ಯಾರದು ಎಂದು ಕೇಳಿದರು.

ದೇವಕ್ಕನ ಕೈ ಮೇಲೇರಿತು, ಉಳಿದವರದೂ ಏರಿತು. ಯಾರದು ಮೊದಲು ಎಂದು ಹೇಳಲಿಕ್ಕೆ ಬರುವಂತಿರಲಿಲ್ಲ. “ನಂದು” ಎಂಬ ಕೂಗಿಗೆ ಬೇವಿನ ಮರದ ಕಾಗೆಗಳು ಹಾರಿದವು. ಕುರಿ ವ್ಯಾಪಾರದ ರೇವಣಸಿದ್ದ ಎರಡೂ ಕೈ ಎತ್ತಿ ಮಂದಿಯನ್ನು ನಗಿಸಿದ. ನಾಗಣ್ಣ ಮೀಸೆ ತಿರುವುತ್ತ ಕೂತಿದ್ದ. ಸಾಹೇಬರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಮಾಧಾನದಿಂದ ಹೇಳಿದರು.

“ಭಾಳ ಛಲೋ ಆತು. ಎಲ್ಲಾರೂ ನಿಮ್ಮ ನಿಮ್ಮ ಹೆಸರು, ಫೋನ್ ನಂಬರ್ ಹೇಳ್ರಿ.”

ಹೇಳಿದರು! ಸರದಿ ಹಚ್ಚಿ, ನಾ ಮುಂದ ನೀ ಮುಂದ ಎಂದು ಹೇಳಿದರು. ಸಾಹೇಬರ ಜೊತೆಗಿದ್ದವನು ಎಲ್ಲವನ್ನೂ ಫೋನಿನಲ್ಲಿ ಒತ್ತಿಕೊಂಡ. ಫೋನೇ ಇಲ್ಲದ ನಾಗಣ್ಣನನ್ನು ಮಾತ್ರ ಬಿಟ್ಟ. ವ್ಯಾನಿನಲ್ಲಿ ಜಾಗ ಸಾಲದೆ ಹೋಗಬಹುದು, ನಂಬರುಗಳಿಗೆ ಎಂಥ ಜಾಗದ ಚಿಂತೆ? ಅದು ಕಟ್ಟೆಯ ಮೇಲೆ ಒಬ್ಬರ ತಲೆಗೂ ಹೊಳೆಯಲಿಲ್ಲ. ಸಂಜೆ ಗೆದ್ದ ಸಂಭ್ರಮದಲ್ಲಿ ದೇವಕ್ಕ ಮಂದಿಗೆಲ್ಲ ಚಹಾ ಕಾಸಿದಳು.

ವಾರ ಕಳೆಯುವುದರೊಳಗೆ ಒಬ್ಬೊಬ್ಬರ ಫೇಸ್‌ಬುಕ್ಕು, ವಾಟ್ಸಾಪು ಎಲ್ಲ ಸತ್ತು ಬಿದ್ದವು. ಸಾಹೇಬರು ವರದಿಯಲ್ಲಿ ಬರೆದದ್ದು ಹೀಗಿತ್ತಂತೆ: ಇದು ಒಬ್ಬನ ಕೆಲಸವಲ್ಲ, ಗುಂಪು ಕಟ್ಟಿಕೊಂಡು ತಪ್ಪು ಸುದ್ದಿ ಹಬ್ಬಿಸುವ ಜಾಲ, ಇದನ್ನು ಸದಸ್ಯರೇ ಸಾರ್ವಜನಿಕವಾಗಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡದ್ದು ಸುಳ್ಳೇನಲ್ಲವಲ್ಲ. ರೇವಣಸಿದ್ದ ಕುರಿಗಳ ಫೋಟೋ ಕಳಿಸಿಯೇ ಗಿರಾಕಿ ಹಿಡಿಯುತ್ತಿದ್ದವನು, ಅವನ ವ್ಯಾಪಾರ ನೆಲ ಕಚ್ಚಿತು. ದೇವಕ್ಕನ ಮನೆ ಬಾಗಿಲಲ್ಲಿ ನಿಂತು, ನಿನ್ನ ಬಾಯಿಂದ ನಮ್ಮ ಬಾಯಿಗೆ ಬೀಗ ಬಿತ್ತು ಎಂದು ಬೈದು ಹೋದ.

ಕಾಲುವೆಯ ನೀರು ಯಾವತ್ತು ನಿಲ್ಲಿಸಬೇಕೆಂದು ಗೊತ್ತುಮಾಡುವ ಸಭೆ ಯಾದಗಿರಿಯಲ್ಲಿ ನಡೆದಾಗ ಕೊನೆ ಹಳ್ಳಿಗಳಿಂದ ಹೋದವರು ಬೆರಳೆಣಿಕೆಯ ಮಂದಿ. ಉಳಿದವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಕಾಲುವೆ ಬೇಗ ಮುಚ್ಚುವುದೆಂದು ತೀರ್ಮಾನವಾಯಿತು. ದೇವಕ್ಕನ ಗಿಡಗಳಲ್ಲಿ ಕಾಯಿ ಇನ್ನೂ ಹಸಿರು, ಇನ್ನೊಂದು ಸರದಿ ನೀರು ಬಿದ್ದರಷ್ಟೇ ಕೆಂಪೇರುತ್ತಿತ್ತು. ಆ ತೀರ್ಮಾನ ಬದಲಿಸಬಲ್ಲ ಕಡೆಯ ಸಭೆಯೊಂದು ಬಾಕಿ ಇತ್ತು. ಅಷ್ಟರೊಳಗೆ ಪೇಜು ಜೀವ ಹಿಡಿದರೆ ಕೊನೆಯವರು ಒಟ್ಟುಗೂಡಬಹುದು, ಇಲ್ಲದಿದ್ದರೆ ಇಲ್ಲ.

ಆಸೀಫ್ ತನಗೆ ಪರಿಚಯದ ವಕೀಲರನ್ನು ಶಹಾಪುರದಿಂದ ಕರೆತಂದ. ಗೌಹರಬೇಗಂ ಎಂದು ಅವರ ಹೆಸರು, ನೇರ ಮಾತಿನವರು. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಮುಚ್ಚಿದ ಪೇಜನ್ನು ತೆರೆಸಲು ಮೇಲೊಂದು ಸಮಿತಿ ಇದೆ, ವಿಡಿಯೋದಲ್ಲಿ ಸುಳ್ಳೇನೂ ಇಲ್ಲ, ಗೆಲ್ಲಬಹುದು ಅಂದರು. ಮಂದಿಯ ಮುಖದಲ್ಲಿ ಒಂದಿಷ್ಟು ಕಳೆ ಬಂತು.

“ಆದ್ರ ಒಂದು ಮಾತು. ಎಲ್ಲಾರೂ ಕೂಡಿ ಅಂತ ಅರ್ಜಿ ಹಾಕಾಕ ಬರಂಗಿಲ್ಲ, ಅದಕ್ಕs ಜಾಲ ಅಂದಾರವರು. ಈ ಪೇಜು ನಂದು, ಇದರ ಜವಾಬ್ದಾರಿ ನಂದು ಅಂತ ಒಬ್ಬರು ಹೇಳಬೇಕು. ಅಕೌಂಟ್ ಬಂದಾದವರs ಆಗಬೇಕು. ಕೇಸ್ ಆದ್ರ ಅವರ ಮ್ಯಾಲೇ ಆಗ್ತದ. ನಾ ಜೋಡಿ ಇರ್ತೀನಿ. ಯಾರು ಬರ್ತೀರಿ?”

ರೇವಣಸಿದ್ದ ಚಪ್ಪಲಿಯ ಉಂಗುಷ್ಟ ಸರಿಮಾಡತೊಡಗಿದ. ಆಸೀಫ್ ತನ್ನ ಅಂಗಡಿಯ ದಿಕ್ಕಿಗೆ ನೋಡಿದ.

ದೇವಕ್ಕನಿಗೆ ಗೊತ್ತಿತ್ತು, ಆ ಹೆಸರು ತನ್ನದೇ ಆಗಬೇಕು. ವಿಚಾರ ಅವಳದು, ಮುಖ ಅವಳದು, ಸಿಟ್ಟಿನಲ್ಲಿ ಆಡಿದ ಆ ಮಾತೂ ಅವಳದೇ. ಎತ್ತುತ್ತೇನೆ, ಈಗ ಎತ್ತುತ್ತೇನೆ ಎಂದು ಒಳಗೇ ಹೇಳಿಕೊಂಡಳು. ಎಡಕ್ಕೆ ನೋಡಿದಳು, ಕೈ ಏಳಲಿಲ್ಲ. ಬಲಕ್ಕೆ ನೋಡಿದಳು, ಅಲ್ಲಿಯೂ ಇಲ್ಲ. ಪಕ್ಕದಲ್ಲಿ ಒಂದೇ ಒಂದು ಕೈ ಎದ್ದಿದ್ದರೂ ಅವಳದು ತಾನಾಗಿ ಏಳುತ್ತಿತ್ತು. ಇಷ್ಟು ವರ್ಷ ಹಾಗೇ ಎತ್ತಿದ್ದಳು, ಒಬ್ಬಳೇ ಎತ್ತಿ ಗೊತ್ತಿರಲಿಲ್ಲ. ತನ್ನ ಧೈರ್ಯ ಪಕ್ಕದವರ ಕೈಯಲ್ಲಿತ್ತು ಎಂಬುದು ಅವಳಿಗೆ ತಿಳಿದದ್ದೇ ಆಗ. ನಾಚಿಕೆಯಿಂದ ನೆಲ ನೋಡಿದಳು.

ಸೈರಿಸದೆ ನಾಗಣ್ಣ ಕೋಲೂರಿ ಎದ್ದ.

“ಸಂಘ ಯಾರದು?”

ಬೇವಿನ ಮರದಲ್ಲಿ ಕಾಗೆ ಕೂತೇ ಇತ್ತು. ಮುದುಕ ಮತ್ತೊಮ್ಮೆ ಕೇಳಿದ. ಕಡೆಗೆ ತಾನೇ ಕೈ ಎತ್ತಿ, “ನಂದು” ಅಂದ.

ಗೌಹರಬೇಗಂ ಮೆತ್ತಗೆ, ನಿಮ್ಮ ಹೆಸರು ನಡೆಯುವುದಿಲ್ಲ ಯಜಮಾನರೇ, ನಿಮಗೆ ಫೋನೇ ಇಲ್ಲ ಅಂದರು. ಸ್ವಲ್ಪ ಹೊತ್ತು ಕಾದು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದರು. ಮಂದಿ ಒಬ್ಬೊಬ್ಬರಾಗಿ ಕಟ್ಟೆ ಇಳಿದು ಹೋದರು. ನಾಗಣ್ಣನ ಕೈ ಮಾತ್ರ ಮೇಲೆಯೇ ಇತ್ತು.

ದೇವಕ್ಕ ಎದ್ದು ಹೋಗಿ, ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.